ತೊಟ್ಟಿಲ ಪಕ್ಕದ ಓದುಮೇಜು

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದೆ. ಅದರಲ್ಲಿ ಆರುನೂರಕ್ಕೂ ಮಿಕ್ಕಿದ ಟಿಪ್ಪಣಿ ಚೀಟಿಗಳಿವೆ. ಧಾರವಾಡದ ಸುತ್ತಮುತ್ತಲಿನ ಶಾಸನಗಳಲ್ಲಿ ದಾನ ನೀಡಿದ ಸ್ತ್ರೀಯರ ಉಲ್ಲೇಖಗಳನ್ನು 1984ರಿಂದ ಎರಡು ವರ್ಷ ಕಾಲ ಹುಡುಕಿ ನಾವು ಬರೆದಿಟ್ಟುಕೊಂಡ ಚೀಟಿಗಳವು. ಪಿಎಚ್.ಡಿ. ಪದವಿಗಾಗಿ ಕೈಗೊಂಡ ಆ ಅಧ್ಯಯನ, ಹಿರಿಯ ಮಗಳು ಹುಟ್ಟಿದ 1986ರಲ್ಲಿ ನಿಂತಿತು, ಮತ್ತೆ ಆರಂಭವಾಗಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ಕಾಯಕವನ್ನು 2019ರಲ್ಲಿ ನಿವೃತ್ತರಾಗುವವರೆಗೆ ನಿಷ್ಠೆಯಿಂದ ನಡೆಸಿದೆವೆಂಬ ಸಮಾಧಾನ ನಮಗುಂಟು. ಆದರೆ ಆ ಟ್ರಂಕಿನ ಮುಚ್ಚಳ ತೆರೆಯುವ ಧೈರ್ಯ ಮಾತ್ರ ಬಹುಕಾಲ ಬರಲಿಲ್ಲ.

2023ರ ಶ್ರಾವಣ ಮಾಸದಲ್ಲಿ ನಮ್ಮ ಸೊಸೆ ತಾನು ತಾಯಿಯಾಗಲಿರುವ ಸುದ್ದಿಯನ್ನು ತಿಳಿಸಿದಳು. ಆಕೆ ರಸಾಯನಶಾಸ್ತ್ರದಲ್ಲಿ ಸಂಶೋಧನೆ ನಡೆಸುತ್ತಿದ್ದ ನಾಲ್ಕನೆಯ ವರ್ಷವದು. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಆ ಸಂತೋಷದ ಭರದಲ್ಲಿ ನಮ್ಮ ಬಾಯಿಂದಲೇ ಒಂದು ಮಾತು ಹೊರಬಿತ್ತು: "ಇನ್ನ ನಿನ್ನ ಪಿಎಚ್.ಡಿ. ಆಮ್ಯಾಲೆ ನೋಡೂಣು ಬಿಡವಾ."

ಸೊಸೆ ಒಂದು ಕ್ಷಣ ಸುಮ್ಮನಿದ್ದು, ಮೆಲ್ಲಗೆ ಕೇಳಿದಳು: "ಆಮ್ಯಾಲೆ ಅಂದ್ರ ಯಾವಾಗ್ರಿ ಅತ್ತಿ?"

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮೂವತ್ತೇಳು ವರ್ಷಗಳ ಹಿಂದೆ ನಮಗೂ ಹಿರಿಯರು ಇದೇ ಮಾತನ್ನು, ಇಷ್ಟೇ ಅಕ್ಕರೆಯಿಂದ ಹೇಳಿದ್ದರು. ಅಂದು ನಾವು ಈ ಪ್ರಶ್ನೆಯನ್ನು ಕೇಳಿರಲಿಲ್ಲ. ನಮ್ಮ ಸಂಶೋಧನೆ ನಿಂತದ್ದಕ್ಕೆ ಕೂಸಿನ ಆರೈಕೆಯೇ ಕಾರಣವೆಂದು ನಾವು ಇಷ್ಟು ಕಾಲ ನಂಬಿದ್ದೆವು. ಸೊಸೆಯ ಪ್ರಶ್ನೆ ಕೇಳಿದ ಮೇಲೆ ನಿಜಸಂಗತಿ ಹೊಳೆಯಿತು. ನಮ್ಮ ಮೂರು ತಿಂಗಳ ರಜೆಗೆ ಆರಂಭದ ದಿನಾಂಕವಿತ್ತು, ಕಾಲೇಜಿಗೆ ಮರಳುವ ದಿನಾಂಕವೂ ಇತ್ತು. ಸಂಶೋಧನೆಗೆ ಮರಳುವ ದಿನಾಂಕವನ್ನು ಮಾತ್ರ ಯಾರೂ ಗೊತ್ತುಮಾಡಿರಲಿಲ್ಲ. ಆದ್ದರಿಂದಲೇ ಕಾಲೇಜಿಗೆ ಮರಳಿದೆವು, ಸಂಶೋಧನೆಗೆ ಮರಳಲಿಲ್ಲ. ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದ್ದು ಇದೇ ಅರಿವು.

ಎರಡು ಸುಗ್ಗಿ, ಒಂದೇ ಕಾಲ

ಒಕ್ಕಲುತನದ ಮನೆಗಳಲ್ಲಿ ಎರಡು ಬೆಳೆ ಒಮ್ಮೆಲೇ ಕೊಯ್ಲಿಗೆ ಬಂದರೆ ಆಗುವ ಪೇಚಾಟ ನಮ್ಮ ಓದುಗರಿಗೆ ಗೊತ್ತಿದ್ದದ್ದೇ. ವಿದ್ಯಾವಂತ ಹೆಣ್ಣುಮಗಳ ಬದುಕಿನಲ್ಲಿಯೂ ಹಾಗೆಯೇ ಆಗುತ್ತದೆ. ಸ್ನಾತಕೋತ್ತರ ಪದವಿ ಮುಗಿಯುವಷ್ಟರಲ್ಲಿ ಇಪ್ಪತ್ತಮೂರು ವರ್ಷ, ನೆಟ್ ಪರೀಕ್ಷೆಗೆ ಒಂದೆರಡು ವರ್ಷ, ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಅನಂತರ ಹುದ್ದೆಗಾಗಿ ಕಾಯುವಿಕೆ. ವಿವಾಹ, ಗರ್ಭಧಾರಣೆ, ಶಿಶುಪಾಲನೆ ಇವೆಲ್ಲವೂ ಇಪ್ಪತ್ತೈದರಿಂದ ಮೂವತ್ತೈದರೊಳಗಿನ ಇದೇ ಹತ್ತು ವರ್ಷಗಳಲ್ಲಿ ನಡೆಯಬೇಕು. ಕಿರಿಯ ಸಂಶೋಧನಾ ವೇತನಕ್ಕೆ ಮೂವತ್ತು ವರ್ಷದ ವಯೋಮಿತಿ ಇದ್ದು, ಮಹಿಳೆಯರಿಗೆ ಐದು ವರ್ಷಗಳ ಸಡಿಲಿಕೆ ಕೊಟ್ಟಿರುವುದು ಈ ಇಕ್ಕಟ್ಟನ್ನು ಅರಿತೇ.

ಇದು ಬೆರಳೆಣಿಕೆಯ ಮನೆಗಳ ಮಾತಾಗಿ ಉಳಿದಿಲ್ಲ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಪಿಎಚ್.ಡಿ.ಗೆ ದಾಖಲಾಗಿದ್ದ ಮಹಿಳೆಯರು 2014-15ರಲ್ಲಿ ಸುಮಾರು 48 ಸಾವಿರ. 2021-22ರಲ್ಲಿ ಸುಮಾರು 99 ಸಾವಿರ. ಏಳು ವರ್ಷಗಳಲ್ಲಿ ಸಂಖ್ಯೆ ಇಮ್ಮಡಿಯಾಯಿತು. ಅದೇ 2021-22ರ ಸಮೀಕ್ಷೆಯಲ್ಲಿ ಉನ್ನತ ಶಿಕ್ಷಣದ ಅಧ್ಯಾಪಕರ ಪೈಕಿ ಮಹಿಳೆಯರು ನೂರಕ್ಕೆ 43ರಷ್ಟಿದ್ದರು. ವಿಜಯಪುರದಲ್ಲಿ 2003ರಲ್ಲಿ ಆರಂಭವಾಗಿ 2017ರಲ್ಲಿ ಅಕ್ಕಮಹಾದೇವಿಯ ಹೆಸರು ಪಡೆದ ರಾಜ್ಯ ಮಹಿಳಾ ವಿಶ್ವವಿದ್ಯಾಲಯವು ನಮ್ಮ ಭಾಗದ ಹಳ್ಳಿಗಳ ಹೆಣ್ಣುಮಕ್ಕಳಿಗೂ ಉನ್ನತ ಅಧ್ಯಯನದ ಬಾಗಿಲನ್ನು ತೆರೆದಿದೆ.

ಹೀಗೆ ಓದಿದವರಲ್ಲಿ ಕೆಲವರು ನಡುದಾರಿಯಲ್ಲಿ ಏಕೆ ನಿಲ್ಲುತ್ತಾರೆ? "ಮದುವೆಯಾಯಿತು, ಮಕ್ಕಳಾದವು, ಬಿಟ್ಟಳು" ಎಂಬುದು ನಾವೆಲ್ಲರೂ ಕೊಡುವ ಸಿದ್ಧ ಉತ್ತರ. ಬೆಂಗಳೂರಿನ ವಿಜ್ಞಾನ ಅಕಾಡೆಮಿ ಮತ್ತು ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಗಳು ಜೊತೆಗೂಡಿ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮಹಿಳೆಯರನ್ನೇ ಮಾತನಾಡಿಸಿ ಈ ಉತ್ತರವನ್ನು ಪರೀಕ್ಷಿಸಿತು. ಮನೆಯ ಹೊಣೆಯೊಂದೇ ಕಾರಣವಲ್ಲ. ಓದಿಗೆ ತಕ್ಕ ಹುದ್ದೆ ದೊರೆಯದಿರುವುದು, ಸಂಸ್ಥೆಗಳಲ್ಲಿ ಅನುಕೂಲತೆಗಳಿಲ್ಲದಿರುವುದು ಇವೂ ದೊಡ್ಡ ಕಾರಣಗಳೆಂದು ಅದು ತೋರಿಸಿಕೊಟ್ಟಿತು. ಹಾಗಾದರೆ ಎಲ್ಲ ಭಾರವನ್ನೂ ಎಳೆಯ ಕೂಸಿನ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ.

ಒಂದು ಮನೆತನದ ನಿದರ್ಶನ

ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಖ್ಯಾತರಾದ ರಾಜೇಶ್ವರಿ ಚಟರ್ಜಿಯವರ (1922-2010) ಬದುಕನ್ನು ಇಲ್ಲಿ ನೆನೆಯಬೇಕು. ಗಣಿತದಲ್ಲಿ ಎಂ.ಎಸ್ಸಿ. ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ ಅವರು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು 1953ರಲ್ಲಿ ಅದೇ ಸಂಸ್ಥೆಗೆ ಅಧ್ಯಾಪಕರಾಗಿ ಮರಳಿದರು. ಅದೇ ವರ್ಷ ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ವಿವಾಹವಾದರು. ಮೈಕ್ರೋವೇವ್ ಮತ್ತು ಆಂಟೆನಾ ವಿಷಯಗಳಲ್ಲಿ ಸಂಶೋಧನೆ ನಡೆಸಿ, ಅನೇಕ ವಿದ್ಯಾರ್ಥಿಗಳಿಗೆ ಪಿಎಚ್.ಡಿ. ಮಾರ್ಗದರ್ಶನ ಮಾಡಿ 1982ರಲ್ಲಿ ನಿವೃತ್ತರಾದರು. ಅವರ ಮಗಳು ಇಂದಿರಾ ಅವರೂ ತಾಯಿಯಂತೆ ಇಂಜಿನಿಯರಿಂಗ್ ಪ್ರಾಧ್ಯಾಪಕರಾದರು.

ಈ ಕಥೆಯಲ್ಲಿ ನಮಗೆ ಹಿಡಿಸಿದ ಸಂಗತಿ ಇನ್ನೊಂದಿದೆ. ರಾಜೇಶ್ವರಿಯವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲೊಬ್ಬರು. ವಿಧವೆಯರ ಮತ್ತು ಪರಿತ್ಯಕ್ತೆಯರ ಶಿಕ್ಷಣಕ್ಕಾಗಿ ದುಡಿದವರು. ಮೊಮ್ಮಗಳ ಓದಿಗೆ ನೆಲ ಹದಮಾಡಿದವರು ಎರಡು ತಲೆಮಾರು ಹಿಂದಿನ ಅಜ್ಜಿ. ಹೆಣ್ಣುಮಗಳೊಬ್ಬಳ ವಿದ್ಯೆ ಫಲಿಸಬೇಕಾದರೆ ಅವಳ ಬುದ್ಧಿಯೊಂದಿಗೆ ಮನೆಯ ಹಿರಿಯರ ಮನಸ್ಸೂ ಸಿದ್ಧವಾಗಿರಬೇಕು.

ತಿಳಿದಿರಬೇಕಾದ ನಿಯಮಗಳು

ನಮ್ಮ ಕಾಲದಲ್ಲಿ ಸಂಶೋಧನಾ ವಿದ್ಯಾರ್ಥಿನಿಗೆ ಹೆರಿಗೆ ರಜೆಯೆಂಬುದೊಂದು ಇರಬಹುದೆಂದು ಕೇಳುವವರೂ ಇರಲಿಲ್ಲ. ಇಂದು ಸ್ಥಿತಿ ಬದಲಾಗಿದೆ. ಆದರೆ ನಿಯಮಗಳು ಅನೇಕ ಮನೆಗಳಿಗೆ ತಿಳಿದಿಲ್ಲ.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2016ರ ನಿಯಮಾವಳಿಯಲ್ಲಿ ಬಂದು 2022ರ ನಿಯಮಾವಳಿಯಲ್ಲಿಯೂ ಮುಂದುವರಿದಂತೆ, ಪಿಎಚ್.ಡಿ. ಮಾಡುವ ಮಹಿಳೆಗೆ ಅಧ್ಯಯನದ ಒಟ್ಟು ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಹಾಗೂ ಶಿಶುಪಾಲನಾ ರಜೆ ದೊರೆಯಬಹುದು. ಮಹಾಪ್ರಬಂಧ ಸಲ್ಲಿಸುವ ಅವಧಿಯಲ್ಲಿಯೂ ಮಹಿಳೆಯರಿಗೆ ಹೆಚ್ಚಿನ ಎರಡು ವರ್ಷಗಳ ಅವಕಾಶವಿದೆ. ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ ಹಾಗೂ ಹಾಜರಾತಿಯಲ್ಲಿ ರಿಯಾಯಿತಿ ಕೊಡಲು ನಿಯಮ ರೂಪಿಸಬೇಕೆಂದು ಆಯೋಗವು 2021ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆಯಿತು.

ಉದ್ಯೋಗದಲ್ಲಿರುವ ಅಧ್ಯಾಪಕಿಯರ ವಿಷಯ ಬೇರೆ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಂದ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇದೇ ಅವಧಿಯನ್ನು ಉಳಿಸಿಕೊಳ್ಳಲಾಗಿದೆ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಮುಂಚಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕೆಂಬುದು ಷರತ್ತು. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರದ ಹೊಣೆಯೂ ಇದೆ. ಗುತ್ತಿಗೆಯ ಮೇಲೆ ದುಡಿಯುವ ಹೆಣ್ಣುಮಕ್ಕಳು ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಒಪ್ಪಂದದ ಅವಧಿ ನಡುವೆ ಮುಗಿದರೂ ಹೆರಿಗೆ ಸೌಲಭ್ಯ ಅಲ್ಲಿಗೆ ನಿಲ್ಲುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2023ರ ಆಗಸ್ಟಿನಲ್ಲಿ ತೀರ್ಪಿತ್ತಿದೆ. ನಮ್ಮ ರಾಜ್ಯ ಸರ್ಕಾರವು ತನ್ನ ಮಹಿಳಾ ನೌಕರರಿಗೆ 180 ದಿನಗಳ ಶಿಶುಪಾಲನಾ ರಜೆಯನ್ನು 2021ರಲ್ಲಿ ಮಂಜೂರು ಮಾಡಿತು.

ನಿಯಮ ಕಾಗದದಲ್ಲಿದ್ದರೆ ಸಾಲದು, ಅರ್ಜಿ ಬರೆಯಬೇಕು. ನಮ್ಮ ಸೊಸೆಯು ಕೇಳಿದಾಗ ಅವಳ ವಿಭಾಗದ ಕಚೇರಿಯಲ್ಲಿ "ಇಂಥ ರಜೆ ಇಲ್ಲಿ ಯಾರೂ ಕೇಳಿಲ್ಲ" ಎಂಬ ಉತ್ತರ ಬಂದಿತು. ಅವಳು ನಿಯಮಾವಳಿಯ ಪ್ರತಿಯನ್ನು ಲಗತ್ತಿಸಿ, ಮಾರ್ಗದರ್ಶಕರ ಸಹಿ ಪಡೆದು ಅರ್ಜಿ ಸಲ್ಲಿಸಿದಳು. ಮೂರು ವಾರಗಳಲ್ಲಿ ಮಂಜೂರಾತಿ ಬಂದಿತು. ಅರ್ಜಿಯ ಒಂದು ಪ್ರತಿಗೆ ಸ್ವೀಕೃತಿಯ ಮುದ್ರೆ ಹಾಕಿಸಿ ಮನೆಯಲ್ಲಿ ಇಟ್ಟುಕೊಳ್ಳುವುದನ್ನು ಯಾರೂ ಮರೆಯಬಾರದು.

ಒಂಬತ್ತು ತಿಂಗಳ ಸಿದ್ಧತೆ

ಗರ್ಭಿಣಿಯ ಆರೋಗ್ಯವೇ ಎಲ್ಲಕ್ಕೂ ಮೊದಲು. ಗರ್ಭ ಧರಿಸಲು ಯೋಚಿಸುವಾಗಲೇ ವೈದ್ಯರನ್ನು ಕಂಡು ಫೋಲಿಕ್ ಆಮ್ಲದ ಗುಳಿಗೆಯನ್ನು ಆರಂಭಿಸುವುದು ಒಳ್ಳೆಯದು. ಶಿಶುವಿನ ಮೆದುಳು-ಬೆನ್ನುಹುರಿಗಳ ರಚನೆ ಮೊದಲ ಕೆಲವೇ ವಾರಗಳಲ್ಲಿ ನಡೆದುಹೋಗುತ್ತದೆ. ನಾಲ್ಕನೆಯ ತಿಂಗಳಿಂದ ಕಬ್ಬಿಣಾಂಶದ ಗುಳಿಗೆಗಳನ್ನು 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಸೇವಿಸಬೇಕೆಂಬುದು ರಕ್ತಹೀನತೆ ನಿವಾರಣೆಗಾಗಿ ಸರ್ಕಾರ ಹಾಕಿಕೊಂಡ ಕ್ರಮ. ತಾಯಿ ಕಾರ್ಡನ್ನು ಬೇಗನೆ ಮಾಡಿಸಿಕೊಳ್ಳಬೇಕು. 2016ರಲ್ಲಿ ಆರಂಭವಾದ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೆಯ ತಾರೀಕಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈಗಳ ಬಾವು, ರಕ್ತಸ್ರಾವ, ಕೂಸಿನ ಚಲನೆ ಕಡಿಮೆಯಾಗುವುದು ಇವುಗಳಲ್ಲಿ ಯಾವುದು ಕಂಡರೂ ವಿಚಾರಸಂಕಿರಣವಿರಲಿ, ಪರೀಕ್ಷೆಯಿರಲಿ, ಎಲ್ಲವನ್ನೂ ಬದಿಗಿಟ್ಟು ಆಸ್ಪತ್ರೆಗೆ ಹೋಗಬೇಕು.

ಪ್ರಯೋಗಾಲಯದಲ್ಲಿ ದುಡಿಯುವವರು ಸುದ್ದಿಯನ್ನು ಮುಚ್ಚಿಡಬಾರದು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂಬ ವಾಡಿಕೆ ನಮ್ಮಲ್ಲುಂಟು. ಊರಿಗೆ ಹೇಳದಿದ್ದರೂ ಸರಿ, ಮಾರ್ಗದರ್ಶಕರಿಗೆ ಹೇಳಲೇಬೇಕು. ಬೆಂಜೀನ್, ಟೊಲುಯೀನ್, ಫಾರ್ಮಾಲಿನ್ ಮೊದಲಾದ ರಾಸಾಯನಿಕಗಳ ಆವಿಯು ಗರ್ಭಕ್ಕೆ ಹಿತವಲ್ಲ. ವಿಕಿರಣದ ಕೆಲಸಕ್ಕಂತೂ ಗರ್ಭಿಣಿಯರಿಗೆ ಪ್ರತ್ಯೇಕ ಮಿತಿಯೇ ಇದೆ. ಅತಿ ಎಚ್ಚರ ಬೇಕಾದದ್ದು ಮೊದಲ ಮೂರು ತಿಂಗಳಲ್ಲಿಯೇ. ನಮ್ಮ ಸೊಸೆಯ ಮಾರ್ಗದರ್ಶಕರು ಸುದ್ದಿ ತಿಳಿದ ವಾರದಲ್ಲಿಯೇ ದ್ರಾವಕಗಳ ಕೆಲಸವನ್ನು ಕಿರಿಯ ಸಂಶೋಧಕನೊಬ್ಬನಿಗೆ ವಹಿಸಿ, ಈಕೆಗೆ ಫಲಿತಾಂಶಗಳ ವಿಶ್ಲೇಷಣೆ ಹಾಗೂ ಬರವಣಿಗೆಯ ಕೆಲಸವನ್ನು ಗೊತ್ತುಪಡಿಸಿದರು. ಹೀಗಾಗಿ ಹೆರಿಗೆಯ ವೇಳೆಗೆ ಎರಡು ಅಧ್ಯಾಯಗಳ ಕರಡು ಸಿದ್ಧವಾಗಿತ್ತು.

ಮನೆಯಲ್ಲಿ ನಾವು ಮಾಡಿದ್ದು ಒಂದು ಸಣ್ಣ ಕೆಲಸ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ವೈದ್ಯರ ದಿನಾಂಕಗಳನ್ನು ಕೆಂಪು ಶಾಯಿಯಲ್ಲಿಯೂ ಸಂಶೋಧನೆಯ ದಿನಾಂಕಗಳನ್ನು ನೀಲಿ ಶಾಯಿಯಲ್ಲಿಯೂ ಬರೆಯತೊಡಗಿದೆವು. ಕೂಸು ಹುಟ್ಟಿದ ಮೇಲೆ ಹಾಕಿಸಬೇಕಾದ ಆರು, ಹತ್ತು, ಹದಿನಾಲ್ಕನೆಯ ವಾರಗಳ ಲಸಿಕೆಯ ದಿನಗಳು ಕೆಂಪಿನಲ್ಲಿ ಸೇರಿದವು. 2024ರ ಅಕ್ಟೋಬರ್ 3ರ ಮನೆಯಲ್ಲಿ ನಮ್ಮ ಯಜಮಾನರು ತಾವೇ ನೀಲಿ ಶಾಯಿಯಲ್ಲಿ "ಪ್ರಯೋಗಾಲಯ" ಎಂದು ಬರೆದರು. ಏಳನೆಯ ತಿಂಗಳಲ್ಲಿ ಕುಬಸದ ಕಾರ್ಯಕ್ಕೆ ಬಂದ ಬೀಗರು-ಬಿಜ್ಜರೆಲ್ಲ ಅದನ್ನು ನೋಡಿದರು. ಕೆಲವರು ನಕ್ಕರು. ಆದರೆ "ಇನ್ನೇನು ಓದು" ಎಂಬ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ಬಾಣಂತಿಯ ಕಣ್ಣು

ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗುವುದು ನಮ್ಮ ಕಡೆಯ ಪದ್ಧತಿ. 2024ರ ಏಪ್ರಿಲಿನಲ್ಲಿ ಮೊಮ್ಮಗಳು ಹುಟ್ಟಿದಳು. ಅಂಟಿನುಂಡೆ, ಅಳ್ವಿ ಪಾಯಸ, ಎಣ್ಣೆ-ನೀರು, ಹಿರಿಯರ ಕೈಯ ಆರೈಕೆ, ಸಾಕಷ್ಟು ವಿಶ್ರಾಂತಿ ಇವು ನಮ್ಮ ಬಾಣಂತನದ ಹಿರಿಮೆ. ಜೊತೆಯಲ್ಲಿಯೇ ಕೆಲವು ತಪ್ಪು ತಿಳಿವಳಿಕೆಗಳೂ ನಡೆದುಬಂದಿವೆ. ಬಾಣಂತಿಗೆ ನೀರು ಕಡಿಮೆ ಕೊಡಬೇಕೆಂಬುದು ಒಂದು. ಹಾಲೂಡಿಸುವ ತಾಯಿಗೆ ನೀರು ಹೆಚ್ಚೇ ಬೇಕು. ಬಾಗಿಲು ಮುಚ್ಚಿ ಕೆಂಡದ ಹೊಗೆ ಹಾಕುವುದು ಇನ್ನೊಂದು. ಅದು ಎಳೆಗೂಸಿನ ಉಸಿರಾಟಕ್ಕೆ ಕೆಡುಕು.

ಮೂರನೆಯದು, ಬಾಣಂತಿ ಓದಿದರೆ ಕಣ್ಣು ಹೋಗುತ್ತದೆ ಎಂಬ ಮಾತು. 1986ರಲ್ಲಿ ನಮ್ಮ ಕೈಯಿಂದ ಚೀಟಿಗಳನ್ನು ಕಸಿದು ಟ್ರಂಕಿಗೆ ಹಾಕಿದ್ದು ಇದೇ ಮಾತು. ನಮ್ಮ ತಾಯಿಯವರ ಪ್ರೀತಿಯನ್ನು ನಾವು ಶಂಕಿಸುವುದಿಲ್ಲ. ಆದರೆ ಓದು ಬಾಣಂತಿಯ ಕಣ್ಣನ್ನು ಕೆಡಿಸುತ್ತದೆಂಬುದಕ್ಕೆ ವೈದ್ಯಶಾಸ್ತ್ರದ ಆಧಾರವಿಲ್ಲ. ಅವಳಿಗೆ ಬೇಕಾದದ್ದು ನಿದ್ದೆ. ನಿದ್ದೆ ತುಂಬಿದ ಮೇಲೆ, ಮನಸ್ಸು ಬಯಸಿದರೆ, ಅರ್ಧ ಗಂಟೆ ಓದಿದರೆ ತಪ್ಪೇನೂ ಇಲ್ಲ. ಬಯಸದಿದ್ದರೆ ಒತ್ತಾಯವೂ ಬೇಡ. ನಮ್ಮ ಸೊಸೆ ಮೊದಲ ಎರಡು ತಿಂಗಳು ಪುಸ್ತಕ ಮುಟ್ಟಲಿಲ್ಲ. ಮೂರನೆಯ ತಿಂಗಳಲ್ಲಿ ಕೂಸು ಮಲಗಿದಾಗ ತೊಟ್ಟಿಲ ಪಕ್ಕದಲ್ಲಿ ಕುಳಿತು ಓದತೊಡಗಿದಳು. ಬೀಗಿತ್ತಿಯವರಿಗೆ ಕಣ್ಣಿನ ಚಿಂತೆಯಾಗಿ ನಮಗೆ ದೂರವಾಣಿ ಮಾಡಿದರು. ನಾವು ನಮ್ಮ ಟ್ರಂಕಿನ ಕಥೆಯನ್ನು ಅವರಿಗೆ ಹೇಳಿದೆವು. ಮರುದಿನ ಅವರೇ ಒಂದು ಓದುಮೇಜನ್ನು ತೊಟ್ಟಿಲ ಬಳಿಗೆ ಸರಿಸಿಕೊಟ್ಟರಂತೆ.

ಹೆರಿಗೆಯ ನಂತರದ ಮನಸ್ಸಿನ ಬಗೆಗೂ ಒಂದು ಮಾತು. ಮೊದಲ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ಮೀರಿಯೂ ದುಃಖ ತಗ್ಗದಿದ್ದರೆ, ಕೂಸಿನ ಮೇಲೆ ಮನಸ್ಸೇ ಹೋಗದಿದ್ದರೆ, ಅದು ಸೋಗೂ ಅಲ್ಲ, ಗಾಳಿಸೋಂಕೂ ಅಲ್ಲ. ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ. ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮರಳುವ ದಿನ

ಆರು ತಿಂಗಳವರೆಗೆ ಕೂಸಿಗೆ ಎದೆಹಾಲೊಂದೇ ಸಾಕು. ಅನಂತರ ಮೆತ್ತನೆಯ ಊಟದೊಂದಿಗೆ ಎರಡು ವರ್ಷದವರೆಗೂ ಹಾಲೂಡಿಸಬಹುದು. ತಾಯಿ ಕೆಲಸಕ್ಕೆ ಹೊರಟೊಡನೆ ಹಾಲು ಬಿಡಿಸಬೇಕಿಲ್ಲ. ಶುಚಿಯಾಗಿ ಹಿಂಡಿ ಮುಚ್ಚಿಟ್ಟ ಎದೆಹಾಲು ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಕೆಡದೆ ಇರುತ್ತದೆ. ನಮ್ಮ ಬೇಸಿಗೆಯಲ್ಲಿ ಹೊರಗಿಡದಿರುವುದೇ ಮೇಲು. ಕೊಡುವಾಗ ಒಲೆಯ ಮೇಲೆ ಕಾಯಿಸದೆ, ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಬೇಕು.

ಎಲ್ಲವೂ ನಾವು ಬರೆದಂತೆಯೇ ನಡೆಯಿತೆಂದು ಹೇಳಿದರೆ ಸುಳ್ಳಾದೀತು. ಸೆಪ್ಟೆಂಬರಿನ ಕೊನೆಯಲ್ಲಿ ಕೂಸಿಗೆ ಜ್ವರ-ಕೆಮ್ಮು ಬಂದು ಆರು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಅದರ ಬೆನ್ನಿಗೇ ನಮ್ಮ ಮೊಣಕಾಲು ನೋವು ಉಲ್ಬಣಿಸಿತು. ಅಕ್ಟೋಬರ್ 3 ಕಳೆದುಹೋಯಿತು. ಒಂದು ರಾತ್ರಿ ಸೊಸೆ, "ನನಗಿದು ಆಗೂದಿಲ್ಲ ಬಿಡ್ರಿ" ಎಂದು ಕಣ್ಣೀರಿಟ್ಟಳು. ಆಗ ಮಗ ಎದ್ದು ಹೋಗಿ ಕ್ಯಾಲೆಂಡರಿನಲ್ಲಿ ಆ ದಿನಾಂಕವನ್ನು ಹೊಡೆದು ಹಾಕಿ, ನವೆಂಬರ್ 12ರ ಮನೆಯಲ್ಲಿ ಅದೇ ಪದವನ್ನು ಬರೆದ. ಜಾರಿದ ದಿನಾಂಕವನ್ನು ಮತ್ತೆ ಬರೆಯಲು ಬರುತ್ತದೆ. ಬರೆಯದೆ ಬಿಟ್ಟ ದಿನಾಂಕ ಎಂದೂ ಬರುವುದಿಲ್ಲವೆಂಬುದಕ್ಕೆ ಅಟ್ಟದ ಮೇಲಿನ ಟ್ರಂಕೇ ಸಾಕ್ಷಿ.

ನವೆಂಬರ್ 12ರಂದು ಅವಳು ಹೋದಳು. ಬೆಳಗಿನ ಹೊತ್ತು ಕೂಸು ನಮ್ಮ ಬಳಿ. ಮಧ್ಯಾಹ್ನ ನೆರೆಯ ಓಣಿಯ ಹೆಣ್ಣುಮಗಳೊಬ್ಬಳು ಸಂಬಳದ ಮೇಲೆ ಬರುತ್ತಾಳೆ. ಹುಬ್ಬಳ್ಳಿಯಿಂದ ಸಂಜೆ ಮನೆಗೆ ಬಂದ ಮೇಲೆ ಕೂಸಿನ ಊಟ, ಒರೆಸುವುದು, ಮಲಗಿಸುವುದು ಮಗನ ಪಾಲು. ಆ ಎರಡು ಗಂಟೆ ಸೊಸೆಯ ಬರವಣಿಗೆಗೆ ಮೀಸಲು. ಮೊದಮೊದಲು ಮಗನ ಕೈಯಲ್ಲಿ ಕೂಸು ಅತ್ತಾಗ ನಮ್ಮ ಕೈಗಳು ತಾವಾಗಿಯೇ ಮುಂದಾಗುತ್ತಿದ್ದವು. ತಡೆದುಕೊಂಡೆವು. ತಂದೆಯ ಕೈಗೂ ಅಭ್ಯಾಸವಾಗಬೇಕಲ್ಲವೇ? ಎಲ್ಲವನ್ನೂ ಅತ್ತೆ-ತಾಯಂದಿರ ಮೊಣಕಾಲುಗಳ ಮೇಲೆ ಹೊರಿಸುವುದು ಸಲ್ಲದೆಂಬುದನ್ನು ನಾವು ನೋವುಂಡು ಕಲಿತೆವು. ಹಿರಿಯರಿಲ್ಲದ ಮನೆಗಳು ಕೂಸು ಹುಟ್ಟುವ ಮುನ್ನವೇ ಕಾಲೇಜಿಗೆ ಸಮೀಪದ ಶಿಶುಪಾಲನಾ ಕೇಂದ್ರಗಳನ್ನು ಕಣ್ಣಾರೆ ನೋಡಿ ಬರುವುದು ಒಳಿತು. ಎಷ್ಟು ಮಕ್ಕಳಿಗೆ ಎಷ್ಟು ಆಯಾಗಳು, ಶುಚಿತ್ವ ಹೇಗಿದೆ, ಕೂಸಿಗೆ ಹುಷಾರಿಲ್ಲದಾಗ ಏನು ಮಾಡುತ್ತಾರೆ ಎಂಬುದನ್ನು ವಿಚಾರಿಸಬೇಕು.

ಹಲವು ವರ್ಷ ವಿರಾಮವಾಗಿಹೋದವರೂ ನಿರಾಶರಾಗಬೇಕಿಲ್ಲ. ಮಕ್ಕಳ ಪಾಲನೆಗಾಗಿ ವಿಜ್ಞಾನದಿಂದ ದೂರವಾದ ಮಹಿಳೆಯರು ಸಂಶೋಧನೆಗೆ ಮರಳಲೆಂದೇ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2002-03ರಲ್ಲಿ ಮಹಿಳಾ ವಿಜ್ಞಾನಿ ಯೋಜನೆಯನ್ನು ಆರಂಭಿಸಿತು. ಅದೇ ಉದ್ದೇಶದ ಯೋಜನೆಗಳು ಅನಂತರವೂ ಹೊಸ ಹೆಸರುಗಳಲ್ಲಿ ಬಂದಿವೆ.

ಈಗ ಮೊಮ್ಮಗಳಿಗೆ ಒಂದೂವರೆ ವರ್ಷ ಮೀರಿದೆ. ಸೊಸೆಯ ಮಹಾಪ್ರಬಂಧದ ನಾಲ್ಕು ಅಧ್ಯಾಯಗಳು ಮುಗಿದು ಐದನೆಯದು ನಡೆದಿದೆ. ಕಳೆದ ತಿಂಗಳು ನಾವು ಟ್ರಂಕನ್ನು ಅಟ್ಟದಿಂದ ಇಳಿಸಿದೆವು. ಮುಚ್ಚಳ ತೆರೆದದ್ದೇ ತಡ, ಮೊಮ್ಮಗಳು ಎರಡೂ ಕೈಯಿಂದ ಚೀಟಿಗಳನ್ನು ಪಡಸಾಲೆಯ ತುಂಬ ಹರಡಿದಳು. ಅವನ್ನು ಆಯ್ದು ಹೊಂದಿಸುತ್ತ ಕುಳಿತಿದ್ದೇವೆ. ಪದವಿಯ ಹಂಬಲ ಈಗ ನಮಗಿಲ್ಲ. ಒಂದು ಲೇಖನವನ್ನಾದರೂ ಬರೆದೇವು. ಅದಕ್ಕೂ ಕ್ಯಾಲೆಂಡರಿನಲ್ಲಿ ಒಂದು ದಿನಾಂಕ ಬಿದ್ದಿದೆ. ಬರೆದವಳು ಸೊಸೆ.

ಓದುಗ ಬಂಧುಗಳೇ, ನಿಮ್ಮ ಮನೆಯಲ್ಲಿ ಓದುತ್ತಿರುವ ಮಗಳೋ ಸೊಸೆಯೋ ಇಂಥ ಶುಭವಾರ್ತೆಯನ್ನು ಹೇಳಿದಾಗ ಬಾಯಿಗೆ ಸಕ್ಕರೆ ಹಾಕಿರಿ, ಉಡಿ ತುಂಬಿರಿ, ಹರಸಿರಿ. ಅದೇ ವಾರದಲ್ಲಿ ಅವಳನ್ನು ಹತ್ತಿರ ಕೂರಿಸಿಕೊಂಡು, "ಓದಿಗೆ ಯಾವಾಗ ಮರಳುತ್ತೀಯವ್ವಾ?" ಎಂದೂ ಕೇಳಿರಿ. ಅವಳು ಹೇಳುವ ದಿನಾಂಕವನ್ನು ಮನೆಯ ಗೋಡೆಯ ಮೇಲೆ ನೀವೇ ಬರೆದಿಡಿರಿ.